ಒಂದೇ ಎಳೆಯ ಹಾಸು

ಕಳೆದ ವಾರ ಚಳ್ಳಕೆರೆ ಸಂತೆಯಲ್ಲಿ ಹೊಸ ಕಂಬಳಿಯೊಂದನ್ನು ಬಿಡಿಸಿ ಮೂಗಿಗೆ ಹಿಡಿದೆ. ಉಣ್ಣೆಯ ಜೊತೆಗೆ ಹುಣಸೆ ಬೀಜದ ಗಂಜಿಯ ವಾಸನೆ... "ತಗಳ್ಳೋದಾದ್ರೆ ತಗಳ್ರಿ, ಮೂಸಿ ನೋಡಾಕೆ ಇದೇನ್ ಮಾವಿನಹಣ್ಣಾ?" ಎಂದ ಮಾರುವವನು. ಅವನಿಗೇನು ಗೊತ್ತು, ನಾನಾಗಲೇ ದೇವಸಮುದ್ರದ ಕಡೆಯ ನಮ್ಮ ಹಳ್ಳಿಯಲ್ಲಿ, ಅಕ್ಕನ ಬೆನ್ನ ಹಿಂದೆ ನಿಂತಿದ್ದೆ.

ಅವ್ವ ತೀರಿಕೊಂಡಾಗ ನನಗೆ ಆರು, ಅಕ್ಕನಿಗೆ ಹನ್ನೊಂದು. ಅಪ್ಪ ಕಂಬಳಿ ನೇಯುತ್ತಿದ್ದ. ಕುಡಿಯದಿದ್ದಾಗ ದೇವರಂಥವನು, ಕುಡಿದಾಗ ನಮ್ಮನ್ನು ದೇವರೇ ಕಾಪಾಡಬೇಕಿತ್ತು. ಆದರೆ ಎಂಥ ಅಮಲಿನಲ್ಲೂ ಅವನು ಹಾಸನ್ನು ದಾಟುತ್ತಿರಲಿಲ್ಲ. ಹಾಸೆಂದರೆ ನೇಯುವ ಮೊದಲು ಅಂಗಳದ ಈ ಗೋಡೆಯಿಂದ ಆ ಗೋಡೆಯವರೆಗೆ, ಗೂಟಗಳಿಗೆ ಎಳೆದು ಕಟ್ಟುವ ಉಣ್ಣೆಯ ಎಳೆಗಳು. ದಾಟಿದರೆ ಮಗ್ಗ ಮುನಿಯುತ್ತದೆ ಎಂಬುದು ನಮ್ಮ ಮನೆಯ ನಂಬಿಕೆ. ಹಾಸು ಕಟ್ಟಿದ ದಿನ ಅಕ್ಕ ನನ್ನನ್ನು ಅದರಾಚೆ ಕೂರಿಸಿಕೊಳ್ಳುತ್ತಿದ್ದಳು. ಅಪ್ಪ ಈಚೆ ನಿಂತು ಬೈದು ಬೈದು ದಣಿದು ಮಲಗುತ್ತಿದ್ದ.

ಒಂದು ಮಧ್ಯಾಹ್ನ ಗಂಜಿ ಗಡಿಗೆಯ ಬಾಯಿ ಮುಚ್ಚಲು ಮರೆತೆ. ಮರುದಿನ ಹಾಸಿನ ಎಳೆಗಳಿಗೆ ಬಳಿಯಲು ಅಪ್ಪ ಕಾಯಿಸಿಟ್ಟಿದ್ದ ಅಷ್ಟೂ ಗಂಜಿಯನ್ನು ಮನೆಯ ಕುರಿಗಳು ನೆಕ್ಕಿ ಮುಗಿಸಿದವು. ಅಪ್ಪ ಕುಡಿದು ಬಂದ. ಗಡಿಗೆ ನೋಡಿದ. ಬಾರುಕೋಲು ಕೈಗೆತ್ತಿಕೊಂಡ. ಅಂಗಳದಲ್ಲಿ ಅಂದು ಹಾಸೂ ಇರಲಿಲ್ಲ.

ಅಕ್ಕ ನನ್ನನ್ನು ಮೂಲೆಗೆ ತಳ್ಳಿದಳು. ಉಂಡೆಯಿಂದ ಕರಿ ಉಣ್ಣೆಯ ಒಂದೇ ಒಂದು ಎಳೆ ಎಳೆದು, ಈ ಗೂಟಕ್ಕೊಂದು ಆ ಗೂಟಕ್ಕೊಂದು ಗಂಟು ಹಾಕಿ, ಅದರ ಹಿಂದೆ ನಿಂತಳು.

"ಅಪ್ಪಾ, ಹಾಸು ಐತೆ. ದಾಟಬ್ಯಾಡ."

ಅಪ್ಪ ಆ ಎಳೆಯನ್ನೇ ನೋಡಿದ. ಎತ್ತಿದ ಕಾಲು ಅಲ್ಲೇ ಇಳಿಯಿತು. ಕೋಲು ಬಿಸಾಡಿ, ಕುಕ್ಕರಿಸಿ, ಅಳತೊಡಗಿದ... ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ಅಂದು ಅಕ್ಕ ನನ್ನ ಕಣ್ಣಿಗೆ ನಮ್ಮ ಕಡೆಯ ಬ್ರಹ್ಮಗಿರಿ ಬೆಟ್ಟಕ್ಕಿಂತ ಎತ್ತರವಾಗಿ ಕಂಡಳು. ಹನ್ನೊಂದರ ಹುಡುಗಿಗೆ ಅಷ್ಟು ಬುದ್ಧಿ, ಅಷ್ಟು ಎದೆಗಾರಿಕೆ ಎಲ್ಲಿಂದ ಬಂತೋ! ಆ ಬೆರಗು ಇಂದಿಗೂ ಇಳಿದಿಲ್ಲ.

ಎಷ್ಟೋ ವರ್ಷಗಳ ಮೇಲೆ, ಮೊಳಕಾಲ್ಮೂರಿನ ಅವಳ ಮನೆಯಲ್ಲಿ ಕೇಳಿದೆ: "ಅಕ್ಕಾ, ಅವತ್ತು ಅಪ್ಪ ದಾಟಿಬಿಟ್ಟಿದ್ರೆ?"

ರೊಟ್ಟಿ ತಟ್ಟುತ್ತಲೇ ಅಂದಳು: "ದಾಟಿದ್ರೆ ಮೊದ್ಲು ನಾನ್ ಸಿಗ್ತಿದ್ದೆ. ಅದ್ಕೇ ಮುಂದೆ ನಿಂತಿದ್ದು."

ಅಕ್ಕ ಹೋಗಿ ಎರಡು ವರ್ಷವಾಯಿತು. ನನಗೂ ಐವತ್ತು ದಾಟಿದೆ. ಈಗಲೂ ಯಾರಾದರೂ ದನಿ ಏರಿಸಿದರೆ, ನನಗೇ ಅರಿವಿಲ್ಲದೆ ಒಂದು ಹೆಜ್ಜೆ ಹಿಂದೆ ಸರಿಯುತ್ತೇನೆ. ಮುಂದೆ ಅಕ್ಕ ಇಲ್ಲವೆಂಬುದು ಆಮೇಲೆ ನೆನಪಾಗುತ್ತದೆ.