ಕಣ್ಣು ಬಿಡದ ಸೀತಾಫಲ

೧೯೯೮ರ ಸೆಪ್ಟೆಂಬರಿನಲ್ಲಿ ಗುಡೇಕೋಟೆ ಕಡೆಯ ನಮ್ಮ ಊರಿನವರು ಗುಡ್ಡದ ಸೀತಾಫಲವನ್ನು ಬಲಿಯುವ ಮೊದಲೇ ಕಿತ್ತರು. ನಮ್ಮ ಮನೆಯವರೂ ಕಿತ್ತರು.

ಗುಡ್ಡ ಯಾರ ಹೊಲವೂ ಅಲ್ಲ. ಹಣ್ಣಿನ ಕಾಲದಲ್ಲಿ ಮಾತ್ರ ಅದನ್ನು ಒಬ್ಬ ಗುತ್ತಿಗೆ ಹಿಡಿಯುತ್ತಿದ್ದ. ಕಿತ್ತವರು ಅವನಿಗೇ ಮಾರಬೇಕು. ಕಾಯಿಯ ಮೈಮೇಲಿನ ಉಬ್ಬುಗಳ ನಡುವಿನ ಸಂದು ಅಗಲವಾಗಿ ಬಿಳಿಚಿಕೊಂಡರೆ ‘ಕಣ್ಣು ಬಿಟ್ಟಿತು’ ಎನ್ನುತ್ತಾರೆ. ಅದಕ್ಕೂ ಮುಂಚೆ ಕಿತ್ತದ್ದನ್ನು ಹುಲ್ಲಿನಲ್ಲಿ ಎಷ್ಟು ಮುಚ್ಚಿಟ್ಟರೂ ಹಣ್ಣಾಗುವುದಿಲ್ಲ, ಕಪ್ಪಾಗಿ ಕಲ್ಲಾಗುತ್ತದೆ. ಊರಲ್ಲಿ ಇದು ಗೊತ್ತಿಲ್ಲದವರು ಇರಲಿಲ್ಲ.

ಅತ್ತಿಗೆ ಆಗ ಬಸುರಿ. ಪ್ರತಿ ವರ್ಷ ದಸರಾ ಕಳೆದ ಮೇಲೆ ಅಣ್ಣ ಮತ್ತು ಅವಳು ಮಂಡ್ಯ ಕಡೆ ಕಬ್ಬು ಕಡಿಯಲು ಹೋಗುತ್ತಿದ್ದರು. ಕೂಲಿಯವರನ್ನು ಗೊತ್ತುಮಾಡುವ ಮೇಸ್ತ್ರಿ ಗಂಡ ಹೆಂಡತಿ ಜೋಡಿಯನ್ನೇ ಕರೆದೊಯ್ಯುತ್ತಿದ್ದ. ಹಣ್ಣು ಮಾರಿದ ದುಡ್ಡಿನಲ್ಲಿ ಮನೆಗೆ ಜೋಳ ಬಂದರೆ ಆ ವರ್ಷ ಇಬ್ಬರೂ ಉಳಿಯುವುದು, ಹೆರಿಗೆ ಇಲ್ಲೇ ಆಗುವುದು ಎಂದು ಅವ್ವ ಹೇಳಿದ್ದಳು.

ಒಂದು ಮುಂಜಾನೆ ಪಕ್ಕದ ಮನೆಯಾಕೆ ಬಾಗಿಲಲ್ಲಿ ನಿಂತಳು.

“ಆಚೆ ಊರಿನೋರು ಗುಡ್ಡ ಹತ್ಯಾರಂತ. ನೀ ಇನ್ನಾ ಒಲಿ ಮುಂದ ಕುಂತಿಯಲ್ಲ.”

“ಇನ್ನಾ ಕಣ್ಣು ಬಿಟ್ಟಿಲ್ಲಕ್ಕ. ವಾರೊಪ್ಪತ್ತು ಬೇಕು,” ಎಂದಳು ಅವ್ವ.

“ವಾರೊಪ್ಪತ್ತಿಗೆ ನಿನಗ ಬರೇ ಎಲಿ ಉಳೀತಾವ. ಅದನ್ನ ಆಡು ಸೈತ ತಿನ್ನಲ್ಲ.”

ಒಳಗಿನಿಂದ ಅತ್ತಿಗೆ ಕೇಳಿದಳು: “ಅತ್ತಿ, ಎಳೇವು ಕಿತ್ತರ ಗುತ್ತಿಗಿ ಲಾರಿಯೋರು ತಗೊಂತಾರೇನು?”

“ಬಿಟ್ಟರ ಆಚೆ ಊರಿನೋರು ಕೀಳ್ತಾರ. ಕಿತ್ತರ ನಮ್ಮ ಬುಟ್ಟ್ಯಾಗರ ಇರ್ತಾವ,” ಎಂದು ಅವ್ವ ಸೆರಗು ಸಿಕ್ಕಿಸಿದಳು.

ನಾವು ಹತ್ತಿದಾಗ ಆಚೆ ಊರಿನವರು ಆಗತಾನೇ ಬರುತ್ತಿದ್ದರು. ನಮ್ಮೂರಿನವರು ಕೀಳುತ್ತಿದ್ದಾರೆಂದು ಅವರಿಗೆ ಯಾರೋ ಹೇಳಿದ್ದರು. ಯಾರು ಮೊದಲು ಬಂದವರು ಎಂದು ಸ್ವಲ್ಪ ಹೊತ್ತು ಜಗಳವಾಯಿತು. ಯಾರೂ ಕೆಳಗಿಳಿಯಲಿಲ್ಲ. ಸಂಜೆಗೆ ಕೈಗೆಟಕುವ ಗಿಡಗಳೆಲ್ಲ ಬರಿದಾಗಿದ್ದವು.

ಗುತ್ತಿಗೆದಾರನ ಆಳು ಕಾನಹೊಸಹಳ್ಳಿಯಲ್ಲಿ ರಸ್ತೆ ಬದಿಗೆ ಲಾರಿ ನಿಲ್ಲಿಸಿಕೊಂಡಿದ್ದ. ನಮ್ಮ ಬುಟ್ಟಿಗಳಿಗೆ ಕೈ ಹಾಕಿ, ಬಲಿತ ಕೆಲವನ್ನು ಮಾತ್ರ ಆರಿಸಿಕೊಂಡ.

“ಉಳಿದವು ಮನಿಗೆ ಒಯ್ರಿ ಯವ್ವಾ. ಗ್ವಾಡಿ ಕಟ್ಟಾಕ ಬರ್ತಾವ.”

ಬೇರೆಯವರಿಗೆ ಮಾರುವಂತಿರಲಿಲ್ಲ. ಮಾರಹೋದರೂ ಆ ಕಾಯಿಯನ್ನು ಕೊಳ್ಳುವವರಿರಲಿಲ್ಲ.

ಅವ್ವ ಅವನ್ನು ಹುಲ್ಲು ಹಾಸಿ ಮೂಲೆಯಲ್ಲಿ ಮುಚ್ಚಿದಳು. ದಿನಾ ಬೆಳಿಗ್ಗೆ ಅತ್ತಿಗೆ ಹುಲ್ಲು ಸರಿಸಿ ಹೆಬ್ಬೆರಳಿನಿಂದ ಒತ್ತಿ ನೋಡುತ್ತಿದ್ದಳು.

“ಮೆತ್ತಗಾಗ್ಯಾವೇನವ್ವಾ?” ಎಂದು ಅವ್ವ ಕೇಳುತ್ತಿದ್ದಳು.

“ಇಲ್ಲತ್ತಿ.”

ಕೆಲವು ದಿನಗಳಾದ ಮೇಲೆ ಅವ್ವ ಕೇಳುವುದನ್ನು ಬಿಟ್ಟಳು. ಅತ್ತಿಗೆ ಒತ್ತಿ ನೋಡುವುದನ್ನು ಬಿಡಲಿಲ್ಲ. ಕಪ್ಪಾದವನ್ನು ಕೊನೆಗೆ ಅವಳೇ ತಿಪ್ಪೆಗೆ ಸುರಿದು ಬಂದಳು.

ದಸರಾ ಕಳೆದು ಮೇಸ್ತ್ರಿ ಬಂದ. ಅತ್ತಿಗೆ ಪಾತ್ರೆಯ ಗಂಟನ್ನು ಕಟ್ಟುತ್ತ, “ಅಲ್ಲೂ ಹೆಂಗಸರು ಹಡೀತಾರ ಬಿಡತ್ತಿ,” ಎಂದಳು. ಅವ್ವ ಗಂಟಿಗೆ ಹಳೆಯ ಸೀರೆಗಳನ್ನು ಸೇರಿಸಿದಳು.

ಕೂಸು ಕಬ್ಬಿನ ಗದ್ದೆಯ ಬದಿಯ ಗುಡಿಸಲಿನಲ್ಲಿ ಹುಟ್ಟಿತು. ಹೆಣ್ಣು. ಮರುವರ್ಷ ಎರಡೂ ಊರಿನವರು ಇನ್ನೂ ಮುಂಚೆ ಗುಡ್ಡ ಹತ್ತಿದರು. ೨೦೦೫ರಲ್ಲೂ ದಸರಾ ಕಳೆದ ಮೇಲೆ ಅಣ್ಣ, ಅತ್ತಿಗೆ, ಶಾಲೆಗೆ ಹೋಗುವ ವಯಸ್ಸಿನ ಮಗಳು ಮೂವರೂ ಮಂಡ್ಯದ ಕಡೆ ಹೋದರು.