ಬೂಟಿನೊಳಗಿನ ಬೆರಳು

ಬಿಸಿಲಿಗೆ ಕಾದ ತಾಡಪತ್ರಿಯ ವಾಸನೆ ಮೂಗಿಗೆ ಬಡಿಯಿತು. ಧೂಳು, ಎಣ್ಣೆ, ಕಮಟು ಎಲ್ಲ ಕೂಡಿದ ವಾಸನೆ. ಬೆಂಗಳೂರಿನಲ್ಲಿ ರಸ್ತೆ ಅಗೆದಿದ್ದ ಒಂದು ಮೂಲೆಯಲ್ಲಿ ಯಾರೋ ದೊಡ್ಡವರ ಪ್ರತಿಮೆಗೆ ನೀಲಿ ತಾಡಪತ್ರಿ ಸುತ್ತಿ ಹಗ್ಗ ಬಿಗಿದಿದ್ದರು. ತಂಗಿಯ ಮಗಳ ಮದುವೆಗೆಂದು ಅಥಣಿಯಿಂದ ಬಂದಿದ್ದ ನಮ್ಮನ್ನು ಮಾರನೆಯ ದಿನ ಗಂಡಿನ ಕಡೆಯವರು ರಾಜಧಾನಿಯ ಪ್ರತಿಮೆ, ಸ್ಮಾರಕಗಳನ್ನು ತೋರಿಸುವ ಕಾಲ್ನಡಿಗೆಗೆ ಹೊರಡಿಸಿದ್ದರು. ಬೇಡ ಎನ್ನೋಣವೆಂದರೆ ಹೊಸ ಬೀಗರು. ಮೊಣಕಾಲು ನೋವು, ಮದುವೆಮನೆಯ ನಿದ್ದೆಗೇಡು... ವಿಧಾನಸೌಧದ ಸುತ್ತ ಒಬ್ಬೊಬ್ಬ ಮಹನೀಯರ ಮುಂದೆಯೂ ನಿಂತು, ಮಾರ್ಗದರ್ಶಿ ಹುಡುಗಿ ಹೇಳುವ ಇಸವಿಗಳಿಗೆಲ್ಲ ತಲೆಯಾಡಿಸಿ ಸಾಕುಸಾಕಾಗಿತ್ತು.

"ಇದನ್ನ ಈಗ ನೋಡೋಕಾಗಲ್ಲ, ಮುಂದೆ ಹೋಗೋಣ" ಎಂದಳು ಹುಡುಗಿ. ಎಲ್ಲರೂ ಹೋದರು. ನಾನು ಅಲ್ಲೇ ನಿಂತೆ. ಇಂಥದೇ ಒಂದು ತಾಡಪತ್ರಿಯ ಅಂಚನ್ನು ಹಿಂದೊಮ್ಮೆ ಎತ್ತಿದ್ದೆವು, ನಾನು ಮತ್ತು ನಮ್ಮ ಮಗ್ಗಲ ಮನೆಯ ಆಯಿ.

ನಮ್ಮ ಕಡೆ ಅಜ್ಜಿಗೆ ಆಯಿ ಎನ್ನುತ್ತೇವೆ. ಸಂಬಂಧವೇನೂ ಇರಲಿಲ್ಲ, ನಡುವಿನ ಗೋಡೆಯೊಂದೇ. ಆಕೆ ರೊಟ್ಟಿ ಬಡಿಯುವ ಸಪ್ಪಳಕ್ಕೇ ನನಗೆ ಬೆಳಗಾಗುತ್ತಿತ್ತು. ನಾನಾಗ ಹೈಸ್ಕೂಲಿನಲ್ಲಿ ಹೊಸದಾಗಿ ಟೀಚರ್ ಕೆಲಸಕ್ಕೆ ಸೇರಿದ್ದೆ. ಆಯಿಯ ಗಂಡ ಸ್ವಾತಂತ್ರ್ಯ ಚಳವಳಿಯಲ್ಲಿ ಕುಡಚಿಯ ಹತ್ತಿರ ಟೆಲಿಗ್ರಾಫ್ ತಂತಿ ಕತ್ತರಿಸಿ ಜೈಲಿಗೆ ಹೋಗಿ, ಬಿಡುಗಡೆಯಾಗಿ ಬಂದ ಮಳೆಗಾಲದಲ್ಲೇ ಜ್ವರದಿಂದ ತೀರಿಕೊಂಡಿದ್ದರು. ಆಕೆಗೆ ಆಗ ಇನ್ನೂ ಇಪ್ಪತ್ತು ತುಂಬಿರಲಿಲ್ಲ. ಮಕ್ಕಳಿರಲಿಲ್ಲ. ಮೈದುನನ ಮಕ್ಕಳು ಚೆನ್ನಾಗಿಯೇ ನೋಡಿಕೊಂಡರು. ಆಯಿ ದುಃಖದ ಮುದುಕಿಯೂ ಆಗಿರಲಿಲ್ಲ. ಓಣಿಯಲ್ಲಿ ಯಾರ ಸೊಸೆ ಯಾರ ಮೇಲೆ ಮುನಿಸಿಕೊಂಡಳು ಎಂಬುದೆಲ್ಲ ಮೊದಲು ಗೊತ್ತಾಗುತ್ತಿದ್ದುದು ಆಕೆಗೇ.

ಇಷ್ಟು ವರ್ಷ ಮರೆತಿದ್ದ ಊರಿಗೆ ಒಮ್ಮೆಲೇ ಆ ಹುತಾತ್ಮರ ನೆನಪಾಯಿತು. ಕಮಿಟಿಯಾಯಿತು, ಸರ್ಕಲ್ಲಿನಲ್ಲಿ ಪ್ರತಿಮೆ ನಿಲ್ಲಿಸುವುದೆಂದು ಗೊತ್ತಾಯಿತು. ಆದರೆ ಅವರ ಒಂದು ಫೋಟೋ ಕೂಡ ಯಾರ ಬಳಿಯೂ ಇರಲಿಲ್ಲ. ಕಮಿಟಿಯ ಅಧ್ಯಕ್ಷರು ಕೊಲ್ಲಾಪುರದ ಮೂರ್ತಿಕಾರನನ್ನು ಕರೆದುಕೊಂಡು ನೇರವಾಗಿ ಆಯಿಯ ಪಡಸಾಲೆಗೇ ಬಂದರು. ಮೂರ್ತಿಕಾರ ಪೆನ್ಸಿಲ್ ಹಿಡಿದು ಕುಳಿತ. ಮೂಗು ಹೇಗಿತ್ತು, ಹಣೆ ಅಗಲವಿತ್ತೇ, ಮೀಸೆ ಇತ್ತೇ... ಆಯಿ ಪಕ್ಕದಲ್ಲೇ ಕುಳಿತಿದ್ದ ನನ್ನ ಕಡೆ ತಿರುಗಿದಳು.

"ಮಾರಿ ನಾ ಎಲ್ಲಿ ನೋಡೇನಿ ಬೇ? ಅತ್ತಿ, ಮಾವ, ಭಾವಗೋಳು ತುಂಬಿದ ಮನಿ. ಹಗಲಿ ತಲಿ ಎತ್ತೂಹಂಗ ಇರಲಿಲ್ಲ, ರಾತ್ರಿ ದೀಪ ಇರತಿರಲಿಲ್ಲ. ಕಾಲ ಹ್ಯಾಂಗಿದ್ದವು ಕೇಳ್ರಿ, ಹೇಳ್ತೇನಿ."

ಅದು ಹಾಗೆಯೇ. ಆ ಕಾಲದ ಸೊಸೆ ತಲೆಯ ಮೇಲೆ ಸೆರಗು ಎಳೆದುಕೊಂಡು ನೆಲ ನೋಡುತ್ತ ತಿರುಗಾಡಬೇಕಿತ್ತು. ಹೊಲದಿಂದ ಬಂದವರು ಮಾವನೋ ಗಂಡನೋ ಎಂಬುದು ಕಾಲಿನಿಂದಲೇ ತಿಳಿಯಬೇಕು. ಕಾಲಿಗೆ ನೀರು ಕೊಡುವುದೂ ಆಕೆಯೇ. ಗಂಡನ ಕಾಲಿನಲ್ಲಿ ಹೆಬ್ಬೆರಳಿಗಿಂತ ಎರಡನೆಯ ಬೆರಳು ಉದ್ದ. ಎಡಗಾಲಿನ ಕಿರುಬೆರಳಿನ ಉಗುರು ಗುದ್ದಲಿ ತಾಗಿ ಸೀಳಿತ್ತು. ಚಪ್ಪಲಿ ಯಾವಾಗಲೂ ಹೊರಮಗ್ಗುಲಿಗೆ ಸವೆಯುತ್ತಿತ್ತು. ಆಯಿ ಹೇಳುತ್ತ ಹೋದಳು, ಮೂರ್ತಿಕಾರನ ಪೆನ್ಸಿಲ್ ಮಾತ್ರ ಅಲುಗಲಿಲ್ಲ.

ಅಧ್ಯಕ್ಷರು ನಕ್ಕರು. "ಇರಲಿ ಬಿಡ್ರಿ ಆಯಿ, ಕಾಲ ಯಾರ್ ನೋಡ್ತಾರು?"

ಕೊನೆಗೆ ಮೈದುನನ ಹಿರಿಯ ಮಗನ ಮುಖಕ್ಕೆ ಒಂದು ಮೀಸೆ ಕೂಡಿಸುವುದೆಂದು ಠರಾವಾಯಿತು. ಆಯಿ ಅದಕ್ಕೆ ಬೇಸರ ಮಾಡಿಕೊಳ್ಳಲಿಲ್ಲ. "ಮಾರಿ ಹ್ಯಾಂಗರ ಮಾಡ್ಲಿ. ನಾ ಕಾಲ ನೋಡಿ ಗುರ್ತ ಹಿಡೀತೇನಿ. ಸಾಯೂದ್ರೊಳಗ ಇನ್ನೊಮ್ಮೆ ನೋಡಿದ್ರ ಸಾಕ್ ನೋಡ" ಎಂದಳು. ಆ ದಿನದಿಂದ ಆಕೆಗೆ ಅದೊಂದೇ ಧ್ಯಾನ.

ಪ್ರತಿಮೆ ಟೆಂಪೋದಲ್ಲಿ ಮಲಗಿಕೊಂಡು ಬಂದಿತು. ಕಟ್ಟೆಯ ಮೇಲೆ ನಿಲ್ಲಿಸಿ ತಾಡಪತ್ರಿ ಸುತ್ತಿದರು. ದೊಡ್ಡವರು ಬಂದು ಪರದೆ ಸರಿಸುವವರೆಗೆ ಯಾರೂ ನೋಡಕೂಡದು ಎಂಬುದು ಪದ್ಧತಿ. ದೊಡ್ಡವರಿಗೆ ಪುರಸೊತ್ತಿಲ್ಲ. ಒಮ್ಮೆ ಅಧಿವೇಶನ, ಒಮ್ಮೆ ಚುನಾವಣೆ, ಒಮ್ಮೆ ಯಾರದೋ ಸೂತಕ... ಬಿಸಿಲಿಗೆ ತಾಡಪತ್ರಿಯ ಬಣ್ಣ ಹೋಯಿತು, ಮಳೆ ಬಂತು, ಕಬ್ಬಿನ ಗಾಡಿಗಳು ಕಟ್ಟೆಯನ್ನು ಸುತ್ತಿ ಹೋದವು. ಸಂತೆಗೆ ಹೋದಾಗಲೆಲ್ಲ ಆಯಿ ಕಟ್ಟೆಯ ಹತ್ತಿರ ಹೋಗಿ ನಿಲ್ಲುತ್ತಿದ್ದಳು. ಕಣ್ಣಿಗೆ ಪೊರೆ ಬರತೊಡಗಿತ್ತು.

ಒಂದು ನಸುಕಿನಲ್ಲಿ ನನ್ನ ಬಾಗಿಲು ತಟ್ಟಿದಳು. "ನಡಿ ಬೇ, ಮಂದಿ ಏಳೂದ್ರೊಳಗ ನೋಡಿ ಬರೂಣು."

ಹೋದೆವು. ಕಟ್ಟೆ ಎದೆಮಟ್ಟ ಇತ್ತು. ನಾನು ಹಗ್ಗ ಸಡಿಲಿಸಿ ಅಂಚು ಎತ್ತಿ ಹಿಡಿದೆ. ಆಯಿ ಕೈ ಒರೆಸಿಕೊಂಡು ಒಳಗೆ ಚಾಚಿದಳು. ತಡಕಾಡಿದಳು. ಮತ್ತೆ ತಡಕಾಡಿದಳು.

"ಇದೇನ ಬೇ? ಬೂಟ ಅದಾವಲ್ಲ..."

ಬಗ್ಗಿ ನೋಡಿದೆ. ಹೌದು, ಬೂಟು. ಲೇಸು ಕಟ್ಟಿದ, ಹೊಳಪು ಬಣ್ಣ ಬಳಿದ ಬೂಟು. ಜನ್ಮದಲ್ಲಿ ಬೂಟು ಕಾಣದ ಕಾಲುಗಳಿಗೆ, ಅದೂ ಅಥಣಿಯಲ್ಲಿ! ಕೊಲ್ಲಾಪುರಿ ಎಂದು ಹೆಸರು ಮಾಡಿದ ಚಪ್ಪಲಿಗಳನ್ನು ಮನೆಮನೆಯಲ್ಲಿ ಹೊಲಿಯುವ ಊರು ನಮ್ಮದು. ನನಗೆ ಸಿಟ್ಟು ನೆತ್ತಿಗೇರಿತು. ಆಯಿ ಕೈಯನ್ನು ಮೆಲ್ಲಗೆ ಹೊರಗೆ ತೆಗೆದು ಸೆರಗಿನಲ್ಲಿ ಸುತ್ತಿಕೊಂಡಳು.

ಅದೇ ದಿನ ಅಧ್ಯಕ್ಷರ ಮನೆಗೆ ಹೋಗಿ ಕೇಳಿದೆ. ಅವರಿಗೆ ನನ್ನ ಸಿಟ್ಟೇ ವಿಚಿತ್ರವಾಗಿ ಕಂಡಿತು. "ಟೀಚರ್, ಜಯಂತಿ ದಿವಸ ಮಂದಿ ಬಂದು ಕಾಲಿಗೆ ಕುಂಕುಮ ಹಚ್ತಾರು, ಕಾಯಿ ಒಡೀತಾರು. ಚಪ್ಪಲಿಗೆ ಕುಂಕುಮ ಹಚ್ಚಾಕ ಬರ್ತೈತೇನ್ರಿ?"

"ಬೂಟಿಗೆ ಬರ್ತೈತೇನ್ರಿ?"

"ಬೂಟಿಂದ ಬ್ಯಾರೇ ಬಿಡ್ರಿ. ಎಲ್ಲಾ ಊರಾಗೂ ಹಂಗ ಐತಿ."

"ಹಂಗಾರ ಬರಿಗಾಲ ಬಿಡಬೇಕಿತ್ತು."

"ಬರಿಗಾಲ ಬಿಟ್ರ ಬಡವರಿದ್ರು ಅಂತಾರ್ರಿ!" ಎಂದು ಚಹಾ ತರಿಸಿದರು. ಕೆಟ್ಟ ಮನುಷ್ಯರೇನಲ್ಲ. ಪ್ರತಿಮೆಗೆಂದು ಅವರು ಓಡಾಡಿದಷ್ಟು ಊರಲ್ಲಿ ಯಾರೂ ಓಡಾಡಿರಲಿಲ್ಲ. ಅಂಥವರ ಜೊತೆ ಎಷ್ಟೆಂದು ವಾದ ಮಾಡುವುದು? ಚಹಾ ಕುಡಿದು ಬಂದೆ.

ಅಂತೂ ಒಂದು ದಿನ ದೊಡ್ಡವರು ಬಂದರು. ಪರದೆ ಸರಿಯಿತು, ಹಲಗೆ ಬಾರಿಸಿದರು. ಅಧ್ಯಕ್ಷರು ಆಯಿಯ ಬಾಯಿಯ ಹತ್ತಿರ ಮೈಕು ಹಿಡಿದರು. "ಆಯಿ, ಮಂದಿಗೆ ಹೇಳ್ರಿ, ನಿಮ್ಮ ಯಜಮಾನ್ರು ಹಿಂಗ ಇದ್ರಿಲ್ಲೋ?"

ಆಯಿ ಒಂದು ಕೈಯಿಂದ ಸೆರಗನ್ನು ಹಣೆಯ ಮೇಲಕ್ಕೆ ಎಳೆದುಕೊಂಡು ತಲೆ ತಗ್ಗಿಸಿದಳು. ಜನ ನಾಚಿಕೆ ಎಂದುಕೊಂಡು ನಕ್ಕರು. ಆಕೆ ನೋಡುತ್ತಿದ್ದುದು ಕಾಲುಗಳನ್ನು. ಇನ್ನೊಂದು ಕೈ ನನ್ನ ಮುಂಗೈಯನ್ನು ಹಿಡಿದಿತ್ತು, ನೋಯುವಷ್ಟು.

"ಹೌದ್ರಿ, ಇವರ" ಎಂದಳು.

ಮನೆಗೆ ಬಂದ ಮೇಲೆ ನಾನು ಕೇಳದಿದ್ದರೂ ಅಂದಳು: "ಅಷ್ಟ ಮಂದಿ ಕೂಡ್ಯಾರ, ಅಷ್ಟ ಪ್ರೀತಿಲೆ ಮಾಡ್ಯಾರ. ಅಲ್ಲ ಅಂತ ಹ್ಯಾಂಗ ಅನ್ನೂದ ಬೇ?" ಅವತ್ತಿನಿಂದ ಸಂತೆಗೆ ಹೋಗುವಾಗ ಸರ್ಕಲ್ಲು ಬಿಟ್ಟು ಹಿಂದಿನ ಓಣಿಯಿಂದ ಸುತ್ತಿ ಹೋಗುತ್ತಿದ್ದಳು. ನಾನೂ ಜೊತೆಗೆ ಸುತ್ತುತ್ತಿದ್ದೆ.

ಬೂಟಿನ ಮಾತು ಮತ್ತೆ ಬಂದದ್ದು ಆಕೆ ಹಾಸಿಗೆ ಹಿಡಿದ ಮೇಲೆ. ನಾನು ಗಂಜಿ ಕುಡಿಸುತ್ತಿದ್ದೆ. ಬಟ್ಟಲು ದೂರ ಸರಿಸಿದಳು.

"ಬೂಟಿನ ಒಳಗ ಬೆರಳ ಇರಬೇಕಲ್ಲ ಬೇ?"

"ಇರ್ತಾವ ಆಯಿ."

"ಎರಡನೇದು ಉದ್ದ?"

"ಉದ್ದನ ಐತಿ."

ಆಯಿ ಆಯ್ತು ಎಂಬಂತೆ ಬಟ್ಟಲಿಗೆ ಬಾಯಿ ಕೊಟ್ಟಳು. ಆ ವಾರವೇ ಹೋದಳು... ಈಗ ಆ ಮನೆಯಲ್ಲಿ ಒಂದು ಮೊಬೈಲ್ ಅಂಗಡಿ ಇದೆ. ಬೆಳಿಗ್ಗೆ ಗೋಡೆಯಾಚೆಯಿಂದ ಯಾವ ಸಪ್ಪಳವೂ ಬರುವುದಿಲ್ಲ.

"ಆಂಟಿ, ಹಿಂದೆ ಉಳಿದುಬಿಟ್ರಲ್ಲ!" ಹುಡುಗಿ ನನ್ನನ್ನು ಹುಡುಕಿಕೊಂಡು ಬಂದಳು. ಮುಂದಿನ ಪ್ರತಿಮೆಯ ಮುಂದೆ ಎಲ್ಲರೂ ಕತ್ತೆತ್ತಿ ನಿಂತಿದ್ದರು. ನಾನು ಕಾಲುಗಳನ್ನು ನೋಡಿದೆ. ಅದಕ್ಕೂ ಮೊದಲಿನದು, ಅದಕ್ಕೂ ಹಿಂದಿನದು, ಬೆಳಗಿನಿಂದ ಕಂಡವುಗಳನ್ನೆಲ್ಲ ನೆನಪಿಸಿಕೊಂಡೆ. ಯಾರಿಗಾದರೂ ಏನಾದರೂ ಕೇಳುವುದಿದೆಯೇ ಎಂದಳು ಹುಡುಗಿ. ಸುಮ್ಮನಿರಲಾಗಲಿಲ್ಲ.

"ಇವರ ಕಾಲಬೆರಳು ಹ್ಯಾಂಗಿದ್ದವು, ಗೊತ್ತೈತೇನವ್ವಾ?"

ಆಕೆ ಪ್ರತಿಮೆಯನ್ನೊಮ್ಮೆ ನೋಡಿ ನಕ್ಕಳು. "ಬೂಟಿದೆಯಲ್ಲ ಆಂಟಿ."

ಬೀಗರೂ ನಕ್ಕರು. ನಾನು ಕಟ್ಟೆಯ ಅಂಚಿಗೆ ಕುಳಿತು ಮೊಣಕಾಲು ನೀವಿಕೊಂಡೆ. ಊರಿಗೆ ಹೋದ ಕೂಡಲೇ ಆಯಿಗೆ ಹೇಳಬೇಕು ಅನ್ನಿಸಿತು: ಇಲ್ಲಿ ರಾಜಧಾನಿಯಲ್ಲೂ ಭಾಳ ಮಂದಿಗೆ ಬೂಟೇ ಹಾಕ್ಯಾರ ಆಯಿ, ಯಾರ ಹೆಂಡತಿ ಬಂದರೂ ಗುರುತು ಸಿಗೂದಿಲ್ಲ. ಕೇಳಿದ್ದರೆ ಆಕೆಗೆ ಎಷ್ಟೋ ಸಮಾಧಾನವಾಗುತ್ತಿತ್ತು. ಹೇಳಲು ಈಗ ಆ ಗೋಡೆಯ ಆಚೆ ಯಾರೂ ಇಲ್ಲ.