ಭಾಗಣ್ಣನ ರೇಡಿಯೇಟರ್

ಆದಿತ್ಯನಗರದ ಸಿಮೆಂಟ್ ಕಾರ್ಖಾನೆಯಲ್ಲಿ ದುಡಿಯುವ ಭಾಗಣ್ಣ ತನ್ನ ಹದಿನಾಲ್ಕು ವರ್ಷ ಹಳೆಯ ಬೈಕಿನ ಎಂಜಿನ್ ತಂಪಾಗಿಡುವ ರೇಡಿಯೇಟರ್ ಕೆಟ್ಟಿದ್ದರಿಂದ ಅದನ್ನು ಕೂಸಿನಂತೆ ಟವೆಲಿನಲ್ಲಿ ಸುತ್ತಿಕೊಂಡು, ಅಂಥದ್ದೇ ಇನ್ನೊಂದನ್ನು ಹುಡುಕಲು ವಾರಕ್ಕೊಮ್ಮೆ ಬಸ್ಸು ಹತ್ತುತ್ತಾನೆ. ವಾಡಿ, ಶಹಾಬಾದ್, ಚಿತ್ತಾಪುರದ ಅಂಗಡಿಯವರು ಅವನನ್ನು ದೂರದಿಂದ ಕಂಡೊಡನೆಯೇ 'ಇಲ್ಲ' ಎಂದು ಕೈಯಾಡಿಸುತ್ತಾರೆ. 'ಹೊಸಾ ಗಾಡಿ ತಗೋರಿ' ಎಂದವರ ಚಹಾವನ್ನು ಅವನು ಮುಟ್ಟುವುದಿಲ್ಲ. ಚಿಂಚೋಳಿಯ ಮೆಕ್ಯಾನಿಕ್ ಅಸದ ಮಾತ್ರ ಟವೆಲು ಬಿಚ್ಚಿ ನೋಡಿದ. 'ಕಾಕಾ, ಇದು ಕಲ್ಲಾಗ್ಯಾದಲ್ರೀ!' 'ಧೂಳು ಕೂಡ್ತದಂತ ದಿನಾ ನೀರು ಹೊಡೀತಿದ್ದೆ.' 'ಸಿಮೆಂಟಿನ ಧೂಳಿಗಿ ನೀರಾ? ಇಪ್ಪತ್ತು ವರ್ಷ ಕಾರ್ಖಾನ್ಯಾಗ ಏನ್ ಕಲ್ತೀರಿ?' 'ನಗಬ್ಯಾಡೋ. ಬಸ್ ಹತ್ತಿದ್ರ ನಿಮ್ಮ ಕಾಕಿಗಿ ವಾಂತಿ. ಗಾಡಿ ಇಲ್ದ ಆಕಿ ತವರಿಗಿ ಹೋಗಂಗಿಲ್ಲ. ಅಲ್ಲಿ ಅವರವ್ವ ಹಾಸಿಗಿ ಹಿಡದಾಳ.' ಅಸದನ ನಗು ನಿಂತಿತು. 'ಕುಂದ್ರಿ ಕಾಕಾ' ಎಂದವನೇ ಹೈದರಾಬಾದಿನ ಗುಜರಿ ಅಂಗಡಿಗೆ ಫೋನು ಹಚ್ಚಿದ.